ಗೋಡೆ, ಸೀಲಿಂಗ್ ಕಲೆ: ಒರೆಸುವ ಮುನ್ನ ನೋಡಬೇಕಾದ್ದು

ಬಾಗಿಲ ಹಿಂದಿನ ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆಯಿಂದ ನಾಲ್ಕು ಸಲ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಗೋಡೆಗಿರುವುದು ಡಿಸ್ಟೆಂಪರ್ ಅಥವಾ ಸುಣ್ಣ. ತೊಳೆಯಲು ಹೋದರೆ ಕಲೆಯ ಜೊತೆ ಬಣ್ಣವೂ ಏಳುತ್ತದೆ. ಒಣ ಸ್ಪಂಜಿಗೆ ಎಷ್ಟು ಹೋಗುತ್ತದೋ ಅಷ್ಟೇ ಲಾಭ. ಮುಂದೆ ಹೇಳುವ ತೊಳೆಯುವ ಕೆಲಸವೆಲ್ಲ ಎಮಲ್ಷನ್ (ನೀರಿನಲ್ಲಿ ಕಲೆಸಿ ಬಳಿದರೂ ಒಣಗಿದ ಮೇಲೆ ಒದ್ದೆ ಬಟ್ಟೆಗೆ ಹತ್ತದ ಬಣ್ಣ) ಬಳಿದ ಗೋಡೆಗೆ.

ದೇವರ ಮನೆಯ ದೀಪದ ಮಸಿಗೆ ನೇರವಾಗಿ ಒದ್ದೆ ಬಟ್ಟೆ ಹಚ್ಚಿದರೆ ಅಂಗೈಯಷ್ಟಿದ್ದ ಕಲೆ ಮೊರದಗಲ ಆಗುತ್ತದೆ. ಮೊದಲು ಒಣ ಸ್ಪಂಜನ್ನು ಒಂದೇ ದಿಕ್ಕಿಗೆ ಎಳೆಯಿರಿ, ಕರಿಯಾದ ಮಗ್ಗುಲನ್ನು ಬದಲಿಸುತ್ತಿರಿ. ಆಮೇಲೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 1 ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಕೆಳಗಿನಿಂದ ಮೇಲಕ್ಕೆ ಒರೆಸಿ. ಒಣಗಿದ ಗೋಡೆಯ ಮೇಲೆ ಇಳಿದ ಕೊಳೆನೀರಿನ ಗೆರೆ ಆಮೇಲೆ ಸುಲಭಕ್ಕೆ ಹೋಗುವುದಿಲ್ಲ. ಒಲೆ ಹಿಂದಿನ ಜಿಡ್ಡಿಗೂ ಇದೇ ನೀರು ಸಾಕು.

ಅರಿಶಿನದ ಕಲೆಗೆ ಸೋಪು, ಸೋಡಾ ತಾಗಿದರೆ ಕೆಂಪಾಗುತ್ತದೆ. ಓಕುಳಿಗೆ ಅರಿಶಿನ, ಸುಣ್ಣ ಕಲೆಸಿದಾಗ ಆಗುವುದೂ ಇದೇ. ಬಿಳಿ ವಿನಿಗರ್ ಒರೆಸಿದರೆ ಮತ್ತೆ ಹಳದಿಯಾಗುತ್ತದೆ. ಬಿಸಿಲು ಬೀಳುವ ಗೋಡೆಯಾದರೆ ದಿನ ಕಳೆದಂತೆ ತಾನೇ ಮಾಸುತ್ತದೆ.

ಹೆಚ್ಚು ಸತಾಯಿಸುವುದು ಮಳೆಗಾಲದಲ್ಲಿ ಸೀಲಿಂಗ್‌ಗೆ ಮೂಡುವ ಕಂದು ಉಂಗುರ. ಗಾರೆಯೊಳಗಿನ ಕೊಳೆಯನ್ನು ನೀರು ಕರಗಿಸಿ ತಂದು ಅಂಚಿನಲ್ಲಿ ಬಿಟ್ಟಿರುತ್ತದೆ, ಹಾಗಾಗಿ ಉಜ್ಜಿದರೆ ಹೋಗದು. ಮೇಲೆ ಎಮಲ್ಷನ್ ಬಳಿದರೂ ಅದರಲ್ಲಿರುವ ನೀರಿಗೆ ಕಲೆ ಮತ್ತೆ ಕರಗಿ ಮೇಲೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಬಣ್ಣದ ದುಡ್ಡು ವ್ಯರ್ಥವಾಗುವುದು ಇಲ್ಲೇ.

ಮೊದಲು ಸೋರಿಕೆ ನಿಲ್ಲಿಸಿ: ತಾರಸಿಯ ಬಿರುಕು, ಮೇಲಿನ ಬಚ್ಚಲ ಪೈಪು ನೋಡಿ. ಬಳಿಕ ಕಲೆಯ ಮೇಲೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. 24 ಗಂಟೆ ಬಿಟ್ಟು ನೋಡಿದಾಗ ಒಳಗೆ ಹನಿ ಕಟ್ಟಿದ್ದರೆ ಇನ್ನೂ ಒಣಗಿಲ್ಲ, ಕಾಯಿರಿ. ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್‌ನಿಂದ ಉದುರಿಸಿ. ನೀರು ಹಾಕಿದರೆ ಕರಗಿ ಒಳಗೇ ಇಳಿಯುತ್ತದೆ. ಎದ್ದ ಪದರ ಕೆರೆದು, ಮರಳು ಕಾಗದ ಉಜ್ಜಿ, ಉಂಗುರದಾಚೆ 4 ಇಂಚಿನವರೆಗೂ ಆಯಿಲ್ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ, ನೀರಿಲ್ಲದ ಎಣ್ಣೆ ಪದರ) ಹಚ್ಚಿ. ಅದು ಪೂರ್ತಿ ಒಣಗಿದ ಮೇಲೆ ಎಮಲ್ಷನ್ ಎರಡು ಕೋಟು.

ಕಪ್ಪು ಬೂಷ್ಟಿದ್ದರೆ ಪ್ರೈಮರ್‌ಗೆ ಮುಂಚೆ 1 ಪಾಲು ದ್ರವ ಬ್ಲೀಚ್, 4 ಪಾಲು ನೀರು ಬೆರೆಸಿ ಸ್ಪಂಜಿನಿಂದ ಹಚ್ಚಿ. 15 ನಿಮಿಷ ಬಿಟ್ಟು ಒರೆಸಿ, ಚೆನ್ನಾಗಿ ಒಣಗಿಸಿ. ಕಿಟಕಿ ತೆರೆದಿರಲಿ, ಕೈಗವಸು, ಕನ್ನಡಕ ಇರಲಿ, ಫ್ಯಾನು ಮತ್ತು ದೀಪದ ಮೇನ್ ಆಫ್ ಆಗಿರಲಿ. ಬ್ಲೀಚ್‌ಗೆ ವಿನಿಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಆಗಲಿ ಎಂದೂ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ.