ನೋವಿಗೆ ಸಂಗಾತಿಯ ಕೈ: ಸೊಂಟ, ಮಂಡಿ ಚಿಕಿತ್ಸೆಯಲ್ಲಿ ನನ್ನ ಅನುಭವ

ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಸೊಂಟನೋವು, ಮಂಡಿನೋವು ಅಂತ ಫಿಸಿಯೋಥೆರಪಿಗೆ ಬರುವವರಲ್ಲಿ ರೇಷ್ಮೆ ಸಾಕುವವರು, ಹಸು ಕಟ್ಟಿದವರು ಬಹಳ. ಇವರಿಗೆ ವ್ಯಾಯಾಮ ಹೇಳಿಕೊಡುವಾಗ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಳ್ಳುತ್ತೇನೆ. ಸಂಗಾತಿ ಪಕ್ಕದಲ್ಲಿದ್ದು ಕೈ ಹಿಡಿದರೆ ನೋವು ತಗ್ಗಬಹುದು, ಅದೇ ಸಂಗಾತಿ ಕೈಯಿಂದ ಕೆಲಸವೆಲ್ಲ ಕಸಿದುಕೊಂಡರೆ ನೋವು ಬೇರು ಬಿಡುತ್ತದೆ. ಜೊತೆಗಿರುವುದು ಬೇರೆ, ಕೆಲಸ ಕಸಿಯುವುದು ಬೇರೆ. ಇದನ್ನು ಮನೆಯವರಿಗೆ ಮಾಡಿ ತೋರಿಸದೆ ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ಮೊದಲ ಭೇಟಿಯಲ್ಲಿ ನೋವಿರುವವರ ಜೊತೆ ಹತ್ತು ನಿಮಿಷ ಒಂಟಿಯಾಗಿ ಮಾತಾಡಬೇಕು. 'ನೋವು ಜಾಸ್ತಿ ಆದಾಗ ಯಾರು ಹತ್ರ ಇದ್ರೆ ನಿಮ್ಗೆ ಧೈರ್ಯ?' ಎಂದು ಕೇಳುತ್ತೇನೆ. ಗಂಡನ ಹೆಸರು ಬರದೆ ಅಕ್ಕನ ಹೆಸರು ಬಂದರೆ ಅಕ್ಕನನ್ನೇ ಕರೆಸುತ್ತೇನೆ. ಹೊಡೆತ ಬಡಿತದ ಸುಳಿವು ಸಿಕ್ಕರೆ ಕೈ ಹಿಡಿಸುವ ಮಾತೇ ಇಲ್ಲ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೋನ್ ಮತ್ತು ಸಂಗಡಿಗರು 16 ಮಂದಿ ವಿವಾಹಿತ ಮಹಿಳೆಯರ ಮೇಲೆ ಮಾಡಿದ ಅಧ್ಯಯನದಲ್ಲಿ, ಕರೆಂಟ್ ಶಾಕ್ ಬರಲಿದೆ ಎಂದು ಕಾಯುವಾಗ ಗಂಡನ ಕೈ ಹಿಡಿದಿದ್ದರೆ ಮಿದುಳಿನ ಆತಂಕದ ಪ್ರತಿಕ್ರಿಯೆ ಕಡಿಮೆಯಿತ್ತು. ಅಪರಿಚಿತರ ಕೈಗೆ ಅಷ್ಟು ಶಕ್ತಿಯಿರಲಿಲ್ಲ. ದಾಂಪತ್ಯ ಚೆನ್ನಾಗಿದ್ದಷ್ಟೂ ಫಲವೂ ಹೆಚ್ಚಿತ್ತು. ಇನ್ನು ಕೆಲವರಿಗೆ ಸ್ವಭಾವತಃ ಯಾರೂ ಹತ್ತಿರ ಬರುವುದು ಬೇಡ. ಅಂಥವರಿಗೆ ಸಂಗಾತಿ ಪಕ್ಕದಲ್ಲಿದ್ದರೆ ನೋವು ಹೆಚ್ಚಾಗುವುದೂ ಉಂಟು, ಬಲವಂತ ಮಾಡಬಾರದು.

ಆಮೇಲೆ ಅಳತೆ. ಸುಮಾರು 43 ಸೆಂ.ಮೀ. ಎತ್ತರದ, ಕೈಯಿಲ್ಲದ ಕುರ್ಚಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಬೇಕು, ಮುಗಿದ ಕೂಡಲೇ ನೋವಿಗೆ 0ರಿಂದ 10ರೊಳಗೆ ಅಂಕ ಕೇಳಬೇಕು. ಒಮ್ಮೆ ಸಂಗಾತಿ ಹೊರಗಿದ್ದಾಗ, ಒಮ್ಮೆ ಎದುರಿಗೆ ಸುಮ್ಮನೆ ಕೂತಿದ್ದಾಗ, ನಡುವೆ ಐದು ನಿಮಿಷ ವಿಶ್ರಾಂತಿ. ಮುಂದಿನ ಭೇಟಿಯಲ್ಲಿ ಕ್ರಮ ತಿರುಗಿಸಬೇಕು, ಇಲ್ಲದಿದ್ದರೆ ಎರಡನೆಯ ಸಲದ ಅಭ್ಯಾಸವನ್ನೇ ಸಂಗಾತಿಯ ಗುಣ ಎಂದುಕೊಳ್ಳುತ್ತೇವೆ. ಎರಡು ಅಂಕಕ್ಕಿಂತ ಕಡಿಮೆ ವ್ಯತ್ಯಾಸವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಗಾತಿ ಎದುರಿದ್ದಾಗ ಅಂಕ ಏರಿದರೆ ಮನೆಯಲ್ಲಿ ಆರೈಕೆ ಮಿತಿಮೀರಿದೆಯೇ ಎಂದು ವಿಚಾರಿಸುತ್ತೇನೆ. 1980ರ ಒಂದು ಅಧ್ಯಯನದಲ್ಲೇ ಇದು ಕಂಡಿದೆ: ಅತಿಯಾಗಿ ಉಪಚರಿಸುವ ಸಂಗಾತಿಯುಳ್ಳ ರೋಗಿಗಳು, ಆ ಸಂಗಾತಿ ಗಾಜಿನಾಚೆ ನೋಡುತ್ತಿದ್ದಾರೆ ಎಂದು ತಿಳಿದಾಗ ಹೆಚ್ಚು ನೋವು ಹೇಳಿದರು.

ಕೈ ಹಿಡಿಸುವುದು ನೋವಿನ ಸ್ಟ್ರೆಚ್ ಮಾಡಿಸುವಾಗ ಮಾತ್ರ. ಮಂಡಿ ಮಡಿಸುತ್ತಿದ್ದರೆ ಸಂಗಾತಿ ತಲೆಯ ಪಕ್ಕ ಕೂರಬೇಕು, ಕಾಲಿನ ಕಡೆ ಅಲ್ಲ. ಕಾಲಿನ ಕಡೆ ಕೂತವರ ಕೈ ತಾನಾಗಿ ಮಂಡಿ ಒತ್ತಲು ಹೋಗುತ್ತದೆ. ಅಂಗೈಗೆ ಅಂಗೈ, ಬಿಗಿ ಹಿಡಿತ ಬೇಡ, ಮಾತು ಬೇಡ, ಮೊಬೈಲ್ ಜೇಬಿನಲ್ಲಿ. ಉಸಿರು ಹೊಂದಿಸಿಕೊಳ್ಳಿ ಎಂದು ಹೇಳುವ ಅಗತ್ಯವೂ ಇಲ್ಲ. 2017ರಲ್ಲಿ ಸಂಶೋಧಕ ಪವೆಲ್ ಗೋಲ್ಡ್‌ಸ್ಟೈನ್ ತಂಡ 22 ಜೋಡಿಗಳಲ್ಲಿ ಕಂಡಂತೆ, ಹೆಂಗಸಿಗೆ ನೋವಾದಾಗ ಇಬ್ಬರ ಉಸಿರಿನ ಲಯ ತಪ್ಪುತ್ತದೆ, ಕೈ ಹಿಡಿದರೆ ಮತ್ತೆ ಕೂಡುತ್ತದೆ.

ನೇವರಿಸುವುದಕ್ಕೂ ಲೆಕ್ಕವಿದೆ. ಹಿತವಾದ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವ ತೆಳು ನರತಂತುಗಳು ಸೆಕೆಂಡಿಗೆ 1ರಿಂದ 10 ಸೆಂ.ಮೀ. ವೇಗಕ್ಕೆ ಚೆನ್ನಾಗಿ ಸ್ಪಂದಿಸುತ್ತವೆ, ಸುಮಾರು 3 ಸೆಂ.ಮೀ. ಅತ್ಯುತ್ತಮ. ಅಂದರೆ ಮೊಣಕೈಯಿಂದ ಮಣಿಕಟ್ಟಿಗೆ ಬರಲು ಏಳೆಂಟು ಸೆಕೆಂಡ್ ಬೇಕು. ಬಹುತೇಕರು ಎರಡೇ ಸೆಕೆಂಡಿಗೆ ಮುಗಿಸುತ್ತಾರೆ, ಗಡಿಯಾರ ನೋಡಿಕೊಂಡೇ ಕಲಿಸಬೇಕು. ಬರಿ ಚರ್ಮದ ಮೇಲೆ, ರೋಮವಿರುವ ಕಡೆ, ಎಣ್ಣೆ ಬೇಡ. ಸಕ್ಕರೆ ಕಾಯಿಲೆಯ ಪಾದದ ಉರಿ, ಸರ್ಪಸುತ್ತಿನ ಜಾಗ ಇವನ್ನು ಮುಟ್ಟಲೇಬಾರದು, ಅಲ್ಲಿ ಹಗುರ ಸ್ಪರ್ಶವೂ ನೋವಾಗುತ್ತದೆ.

ಅತ್ತೆ ಮಾವನ ಮುಂದೆ ಕೈ ಹಿಡಿಯುವುದು ನಮ್ಮ ಹಳ್ಳಿಗಳಲ್ಲಿ ಆಗದ ಮಾತು. ಹಾಗಾಗಿ ಮನೆಯ ವ್ಯಾಯಾಮವನ್ನು ರಾತ್ರಿ ಊಟವಾದ ಮೇಲೆ ಕೋಣೆಯಲ್ಲಿ ಮಾಡಲು ಹೇಳುತ್ತೇನೆ. ಗಂಡ ಬೆಂಗಳೂರಿನಲ್ಲಿ ಡ್ರೈವರ್ ಆಗಿದ್ದರೆ ಮೊಬೈಲಿನ ಫೋಟೋ ಸಾಕು. ಸಂಗಾತಿಯ ಫೋಟೋ ನೋಡುವಾಗ ಬಿಸಿಯ ನೋವು ಕಡಿಮೆಯಾದದ್ದನ್ನು 2009ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದ್ದಾರೆ.

ಮಾತಿನದು ಹೆಚ್ಚು ಕಷ್ಟದ ಪಾಠ. 'ಅಯ್ಯೋ, ನೀನು ಏಳಬೇಡ, ನಾನೇ ಮಾಡ್ತೀನಿ' ಎನ್ನುವುದು ಒಂದು ಅತಿ. 'ಏನೂ ಆಗಿಲ್ಲ, ಸುಮ್ನೆ ನಾಟಕ' ಎನ್ನುವುದು ಇನ್ನೊಂದು. 'ಇವತ್ತಿಂದು ಹತ್ತು ನಿಮಿಷ ಅಲ್ವಾ, ನಾನಿಲ್ಲೇ ಇರ್ತೀನಿ' ಎನ್ನುವುದನ್ನು ರೂಢಿ ಮಾಡಿಸುತ್ತೇನೆ. ಎರಡು ಹಸು ಇರುವ ಮನೆ ಎಂದುಕೊಳ್ಳಿ. ಹೆಂಡತಿಗೆ ಮಂಡಿನೋವೆಂದು ಗಂಡ ಹಾಲು ಕರೆಯುವುದನ್ನು ಪೂರ್ತಿ ತಾನೇ ವಹಿಸಿಕೊಂಡರೆ, ವಾರಗಳಲ್ಲೇ ಆಕೆಯ ತೊಡೆಯ ಸ್ನಾಯು ಸೊರಗುತ್ತದೆ. ಮುಂದೆ ಒಂದು ದಿನ ಕೂತಾಗ ಮೊದಲಿಗಿಂತ ಹೆಚ್ಚು ನೋವು. ಹಾಲು ಕರೆದದ್ದೇ ತಪ್ಪಾಯಿತು ಎಂದು ಇಬ್ಬರೂ ತೀರ್ಮಾನಿಸುತ್ತಾರೆ. ಅದರ ಬದಲು ಒಂದು ಅಡಿ ಎತ್ತರದ ಸ್ಟೂಲಿನಲ್ಲಿ ಕೂತು ಒಂದು ಹಸು ಆಕೆ ಕರೆಯಲಿ, ಇನ್ನೊಂದು ಗಂಡ. ಡೈರಿಗೆ ಕ್ಯಾನ್ ಹೊರುವುದು ಗಂಡನ ಪಾಲು.

ನಡಿಗೆಯ ಕೋಟಾ ಗೊತ್ತುಮಾಡಲು ಮೂರು ದಿನ ನೋವು ಏರುವವರೆಗೆ ನಡೆದ ನಿಮಿಷಗಳ ಸರಾಸರಿ ತೆಗೆದು, ಅದರ ಶೇ. 80ರಿಂದ ಶುರು ಮಾಡಿಸುತ್ತೇನೆ. ಮೂರು ದಿನಕ್ಕೊಮ್ಮೆ ಒಂದು ನಿಮಿಷ ಏರಿಕೆ. ನಿಲ್ಲಿಸುವುದು ಗಡಿಯಾರ ನೋಡಿ, ನೋವು ನೋಡಿ ಅಲ್ಲ. ಸಂಗಾತಿಯ ಶಹಬ್ಬಾಸ್ ಕೋಟಾ ಮುಗಿದಾಗ ಸಿಗಬೇಕು. ನರಳಿದಾಗ ಮಾತ್ರ ಗಮನ ಸಿಕ್ಕರೆ ನರಳಾಟವೇ ಬಲಿಯುತ್ತದೆ, 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಒತ್ತಿ ಹೇಳಿದ್ದು ಇದನ್ನೇ.

ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಸೊಂಟನೋವಿನ ಜೊತೆ ಜ್ವರವಿದ್ದರೆ ಇದ್ಯಾವುದೂ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ರೇಷ್ಮೆ ಮನೆಗಳಲ್ಲಿ ಈ ಕ್ರಮ ಮುರಿಯುವುದು ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಮೇಲೆ. ಹುಳು ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಆ ಒಂದು ವಾರದ್ದೇ, ಇಬ್ಬರಿಗೂ ಬಿಡುವಿರುವುದಿಲ್ಲ. ಆ ವಾರ ನಡಿಗೆ ಬಿಡಿ, ಸೊಪ್ಪಿನ ಹೊರೆಯನ್ನು ಅರ್ಧ ಮಾಡಿ ಎರಡು ಸಲ ಹೊರಿ, ಮಲಗುವ ಮುಂಚಿನ ಹತ್ತು ನಿಮಿಷದ ವ್ಯಾಯಾಮ ಮಾತ್ರ ತಪ್ಪಿಸಬೇಡಿ ಎನ್ನುತ್ತೇನೆ. ಗೂಡು ಮಾರ್ಕೆಟ್ಟಿಗೆ ಹೋದ ಮರುದಿನ ಹಳೆಯ ಕೋಟಾದ ಶೇ. 80ರಿಂದ ಮತ್ತೆ ಶುರು.