ನೆರೆಗೆ ಮುಂಚೆ ವಾರ್ಡಿನಲ್ಲಿ ಮಾಡಬೇಕಾದ ತಯಾರಿ

2020ರ ಸೆಪ್ಟೆಂಬರ್ 20 ಉಡುಪಿಯವರಿಗೆ ಮರೆಯುವಂಥದ್ದಲ್ಲ. ರಾತ್ರಿ ಸುರಿದ ಮಳೆಗೆ ಬೆಳಗಾಗುವಷ್ಟರಲ್ಲಿ ಹೊಳೆಬದಿಯ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ನಡೆಯಲಾಗದವರು ಯಾವ ಮನೆಯಲ್ಲಿದ್ದಾರೆ ಎಂದು ವಿಚಾರಿಸುತ್ತಾ ಕೂರಲು ಆಗುತ್ತದಾ? ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ಒಳಗೆ ಇಷ್ಟು ಮಾಡಿಕೊಳ್ಳಿ.

ಮೊದಲು ಪಟ್ಟಿ. ಪಂಚಾಯತಿಯಲ್ಲಿ ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರು, ಆಶಾ ಕಾರ್ಯಕರ್ತೆ, ಹೆಂಗಸರ ಸ್ವಸಹಾಯ ಗುಂಪಾದ ಸಂಜೀವಿನಿ ಸಂಘದವರು ಜೊತೆಯಾಗಿ ಮನೆಮನೆಗೆ ಹೋಗಲಿ. ಅಂಗವಿಕಲರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಳ್ಳಬೇಕು, ಅಪಾಯವಿದ್ದಾಗ ಅವರಿಗೆ ತಿಳಿಸಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ಸುಮ್ನೆ ಹೆಸರು ಬರೆದುಕೊಂಡು ಬಂದರೆ ಸಾಲದು. ಹೇಗೆ ಎತ್ತಿಕೊಂಡರೆ ನೋವಾಗುವುದಿಲ್ಲ, ಯಾವ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ಅವರನ್ನೇ ಕೇಳಿ. ತುಂಬು ಬಸುರಿ, ಬಾಣಂತಿ, ಒಂಟಿ ಅಜ್ಜಿಯ ಹೆಸರೂ ಇರಲಿ. ಪ್ರತಿ ಹೆಸರಿನ ಎದುರು ಅಕ್ಕಪಕ್ಕದ ಇಬ್ಬರ ಫೋನ್ ನಂಬರ್ ಬೇಕು. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರಾದರೂ ಸಿಗುತ್ತಾರೆ.

ಆಮೇಲೆ ಸಭೆ. ಬೆಳಿಗ್ಗೆ ಇಟ್ಟರೆ ಮೀನು ಮಾರುವವರು ಬರುವುದಿಲ್ಲ. ಬೀಡಿ ಕಟ್ಟುವ ಅಕ್ಕಂದಿರನ್ನೂ ಕೇಳಿ ಹೊತ್ತು ಗೊತ್ತುಮಾಡಿ. ಮೊದಲು ಮುಳುಗುವ ದಾರಿ ಯಾವುದು ಎಂದು ದಿನಾ ಅಲ್ಲಿ ಓಡಾಡುವ ಹೆಂಗಸರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಟ್ಟಿಯ ದನವನ್ನು ಬಿಟ್ಟು ಹೊರಡಲು ಅವರಿಗೆ ಮನಸ್ಸು ಬರುವುದಿಲ್ಲ, ಅದಕ್ಕೂ ಎತ್ತರದ ಜಾಗ ಹುಡುಕಿಡಿ.

ಮೈಕಿನ ಘೋಷಣೆ ಕಿವಿ ಕೇಳದವರಿಗೆ ತಲುಪುವುದಿಲ್ಲ, ಬಾಗಿಲು ಬಡಿದರೂ ಅಷ್ಟೇ. ಎಸ್‌ಎಂಎಸ್ ಕಳುಹಿಸಿ. ರಾತ್ರಿಯಾದರೆ ಪಕ್ಕದ ಮನೆಯವರು ಕಿಟಕಿಯಿಂದ ಟಾರ್ಚ್ ಹಾಯಿಸಿ ಎಬ್ಬಿಸಲಿ.

ನೆರೆ ಬಂದಾಗ ಜನ ಉಳಿಯುವ ಕಾಳಜಿ ಕೇಂದ್ರ ಸಾಮಾನ್ಯವಾಗಿ ಶಾಲೆಯಲ್ಲೇ ಇರುತ್ತದೆ. ಗಾಲಿಕುರ್ಚಿ ಬಳಸುವ ಒಬ್ಬರನ್ನು ಕರೆದುಕೊಂಡು ಹೋಗಿ ನೋಡಿ. ಜಗಲಿ 1 ಅಡಿ ಎತ್ತರವಿದ್ದರೆ ಇಳಿಜಾರು 12 ಅಡಿ ಉದ್ದ ಬೇಕು. ಬರೀ ಹಲಗೆ ಒರಗಿಸಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಶೌಚಾಲಯಕ್ಕೆ ಒಳಗಿನಿಂದ ಚಿಲಕ, ದಾರಿಗೆ ಬಲ್ಬ್, ಕೂರಲಾಗದವರಿಗೆ ಕಮೋಡ್ ಕುರ್ಚಿ, ಹಾಲೂಡಿಸಲು ಮರೆಯಿರುವ ಕೋಣೆ ಬೇಕು. ಪ್ಯಾಡ್‌ಗಳನ್ನು ಹೆಂಗಸರೇ ಹಂಚಲಿ, ಊಟದ ಸಾಲಿನಲ್ಲಿ ಬೇಡ.

ಕೊನೆಗೆ ಅಣಕು ಕಾರ್ಯಾಚರಣೆ. ಪಟ್ಟಿಯಲ್ಲಿರುವವರನ್ನು ಸೇರಿಸಿಕೊಂಡೇ ಮಾಡಿ. ಕುದ್ರುಗಳಲ್ಲಿ, ಅಂದರೆ ಹೊಳೆಯ ನಡುವಿನ ದ್ವೀಪಗಳಲ್ಲಿ, ದೋಣಿ ಹತ್ತಿಸುವುದನ್ನೂ ಕಲಿಯಬೇಕು: ಮೊದಲು ಜನ, ಆಮೇಲೆ ಮಡಚಿದ ಗಾಲಿಕುರ್ಚಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡುವವರು ಯಾರು ಎಂಬುದೂ ಅವತ್ತೇ ತೀರ್ಮಾನವಾಗಲಿ.