ಅಜ್ಜಿ ಬಿಟ್ಟುಹೋದ ದುಡ್ಡಲ್ಲಿ ಬುಲೆಟ್ ಬೇಕಂತೆ! ಈಗೇನು ಮಾಡೋದು?

ಹೀಗೊಂದು ಮನೆ ಅಂದುಕೊಳ್ಳಿ. ತಿಪಟೂರು ಕಡೆಯ ಅಜ್ಜಿ ತೀರಿಕೊಂಡಿದ್ದಾರೆ. ಕೊಬ್ಬರಿ ಮಾರಿ ಕೂಡಿಟ್ಟ ಆರು ಲಕ್ಷ ರೂಪಾಯಿ ಬ್ಯಾಂಕಿನಲ್ಲಿ ಎಫ್‌ಡಿ ಆಗಿ ಇದೆ. ಅಷ್ಟೂ ಮೊಮ್ಮಗನಿಗೆ ಅಂತ ವಿಲ್ ಬರೆದಿಟ್ಟಿದ್ದಾರೆ. ಮೊಮ್ಮಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಹನ್ನೊಂದನೇ ದಿನದ ಕಾರ್ಯ ಮುಗಿದು, ಶಾಮಿಯಾನ ಬಿಚ್ಚಿ, ಬಾಡಿಗೆ ಪಾತ್ರೆ ವಾಪಸ್ ಹೋಗುವ ಹೊತ್ತಿಗೆ ಹುಡುಗ ಅಮ್ಮನ ಮುಂದೆ ಫೋನು ಹಿಡಿಯುತ್ತಾನೆ. ಅದರಲ್ಲಿ ಕಪ್ಪು ಬಣ್ಣದ ಬುಲೆಟ್ 350.

"ಅದು ನನ್ನ ದುಡ್ಡೇ ಅಲ್ವಾ ಅಮ್ಮಾ?"

ಅಮ್ಮನಿಗೆ ಸಿಟ್ಟು, ಜೊತೆಗೆ ಅಳು. ಅಪ್ಪ "ಮೊದಲು ಪರೀಕ್ಷೆ ಬರಿ, ಆಮೇಲೆ ಮಾತಾಡು" ಅಂತ ಎದ್ದು ಹೋಗುತ್ತಾರೆ.

ಹುಡುಗ ಕೇಳಿದ ಹೊತ್ತು ಸರಿ ಇರಲಿಕ್ಕಿಲ್ಲ, ಪ್ರಶ್ನೆ ಮಾತ್ರ ಸರಿಯಾಗೇ ಇದೆ. ಅದು ಅವನದೇ ದುಡ್ಡು. ನನ್ನ ಕೇಳಿದರೆ ಇಂಥ ದುಡ್ಡಿಗೆ ಬೈಕಿಗಿಂತ ದೊಡ್ಡ ಅಪಾಯ ಮನೆಯ ಹಿರಿಯರಿಂದಲೇ. ಬೋರ್‌ವೆಲ್ ಕೊರೆಸಬೇಕು, ಅಕ್ಕನ ಮದುವೆಗೆ ಸಾಲದು, ಸೈಟಿನ ಸಾಲ ತೀರಿಲ್ಲ. "ಸದ್ಯಕ್ಕೆ ತಗೊಳ್ಳೋಣ, ಆಮೇಲೆ ಅವನ ಹೆಸರಿಗೆ ಹಾಕಿದ್ರಾಯ್ತು" ಅನ್ನುತ್ತಾರೆ. ಆ 'ಆಮೇಲೆ' ಬರುವುದು ಅಪರೂಪ. ಹಾಗಾಗಿ ಮುಂದಿನ ಹೆಜ್ಜೆಗಳು ಹುಡುಗನಿಗೆ ಎಷ್ಟೋ, ಅಪ್ಪ ಅಮ್ಮನಿಗೂ ಅಷ್ಟೇ.

1. ದುಡ್ಡು ಯಾವ ದಾರಿಯಲ್ಲಿ ಬಂತು ನೋಡಿ

'ಅಜ್ಜಿ ನನಗೇ ಕೊಟ್ಟಿದ್ದು' ಅನ್ನೋದು ಕಾಗದದಲ್ಲೂ ಇದೆಯಾ? ವಿಲ್ ಇದ್ದು, ಅದಕ್ಕೆ ಅಜ್ಜಿಯ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ನೋಂದಣಿ ಆಗಿರಲೇಬೇಕು ಅಂತೇನಿಲ್ಲ, ಆಗಿದ್ದರೆ ತಕರಾರು ಕಡಿಮೆ.

ವಿಲ್ ಇಲ್ಲದಿದ್ದರೆ ಕಥೆ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಜ್ಜಿಯ ಆಸ್ತಿ ಗಂಡ ಮತ್ತು ಮಕ್ಕಳಿಗೆ ಹೋಗುತ್ತದೆ. ಮಗನೋ ಮಗಳೋ ಬದುಕಿರುವಾಗ ಅವರ ಮಕ್ಕಳಿಗೆ ನೇರ ಪಾಲು ಇಲ್ಲ. ಅವರು ಮೊದಲೇ ತೀರಿಕೊಂಡಿದ್ದರೆ ಮಾತ್ರ ಆ ಪಾಲು ಮೊಮ್ಮಕ್ಕಳಿಗೆ ಬರುತ್ತದೆ.

ಇನ್ನು ನಾಮಿನಿ ವಿಷಯ. ಎಫ್‌ಡಿಗೆ ಮೊಮ್ಮಗ ನಾಮಿನಿ ಆಗಿದ್ದ ಮಾತ್ರಕ್ಕೆ ದುಡ್ಡು ಅವನದಾಗುವುದಿಲ್ಲ. ಬ್ಯಾಂಕು ನಾಮಿನಿ ಕೈಗೆ ದುಡ್ಡು ಕೊಡುತ್ತದೆ. ಆದರೆ ಅದು ವಾರಸುದಾರರಿಗೆ ಸೇರಬೇಕಾದ್ದು ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಚಿಕ್ಕಪ್ಪ, ಅತ್ತೆ ಇದ್ದರೆ ಅವರ ಜೊತೆ ಕೂತು ಇದನ್ನು ಈಗಲೇ ಬಗೆಹರಿಸಿಕೊಳ್ಳಿ. ಬೈಕ್ ಮನೆಗೆ ಬಂದ ಮೇಲೆ ಅತ್ತೆ ಪಾಲು ಕೇಳಿದರೆ ಚೆನ್ನಾಗಿರುವುದಿಲ್ಲ.

ತೋಟವನ್ನೋ ಸೈಟನ್ನೋ ಬಿಟ್ಟುಹೋಗಿದ್ದರೆ ಇನ್ನೂ ಹುಷಾರು. ಅಪ್ರಾಪ್ತರ ಹೆಸರಿನ ಸ್ಥಿರಾಸ್ತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ತಂದೆ ತಾಯಿಯೂ ಮಾರುವ ಹಾಗಿಲ್ಲ. ಮಾರಿದರೆ, ಮಗ 18 ದಾಟಿದ ಮೇಲೆ ಮೂರು ವರ್ಷದೊಳಗೆ ಅದನ್ನು ಪ್ರಶ್ನಿಸಬಹುದು.

2. ಅವನ ಹೆಸರಿನ ಖಾತೆಗೇ ಹಾಕಿ

ಅಪ್ಪನ ಸಂಬಳದ ಖಾತೆಗೆ ಹಾಕಿಕೊಂಡು "ನಿನ್ನದು ಇದರಲ್ಲೇ ಇದೆ" ಅನ್ನಬೇಡಿ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ, ಎಫ್‌ಡಿ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಎಷ್ಟು ದುಡ್ಡಿನ ತನಕ ಅನ್ನೋದನ್ನು ಆಯಾ ಬ್ಯಾಂಕೇ ಗೊತ್ತು ಮಾಡುತ್ತದೆ. ದೊಡ್ಡ ಮೊತ್ತವಾದರೆ ಪೋಷಕರ ಜೊತೆಗಿನ ಖಾತೆ ಮಾಡಿ. ಪೋಷಕರು ಅಂದರೆ ಅಪ್ಪನೇ ಆಗಬೇಕಿಲ್ಲ, ಅಮ್ಮನೂ ಆಗಬಹುದು. ಮಗನಿಗೆ ಪ್ಯಾನ್ ಕಾರ್ಡ್ ಈಗಲೇ ಮಾಡಿಸಿಬಿಡಿ.

ತೆರಿಗೆ ಭಯ ಬೇಡ. ಸತ್ತವರ ಆಸ್ತಿ ಮೇಲೆ ಹಾಕುತ್ತಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ. ವಿಲ್ ಮೂಲಕ ಬಂದ ದುಡ್ಡಿಗೆ ಆದಾಯ ತೆರಿಗೆಯೂ ಇಲ್ಲ. ಆದರೆ ಅದರ ಬಡ್ಡಿ, ಮಗನಿಗೆ 18 ಆಗುವ ತನಕ, ಅಪ್ಪ ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರ ಲೆಕ್ಕಕ್ಕೆ ಸೇರುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಇದನ್ನು ಮರೆಯುವವರೇ ಜಾಸ್ತಿ.

ಬ್ಯಾಂಕ್ ಠೇವಣಿಗೆ ವಿಮೆ ಇರುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದ ತನಕ. ಆರು ಲಕ್ಷ ಇದ್ದರೆ ಎರಡು ಬ್ಯಾಂಕಿಗೆ ಹಂಚಿ. ಊರಿನ ಪತ್ತಿನ ಸಹಕಾರ ಸಂಘದಲ್ಲಿ ಬಡ್ಡಿ ಜಾಸ್ತಿ ಅಂತ ಅಲ್ಲಿ ಇಡುವ ಯೋಚನೆ ಇದ್ದರೆ, ಅಲ್ಲಿ ಈ ವಿಮೆ ಇಲ್ಲ ಅನ್ನೋದು ಗೊತ್ತಿರಲಿ.

3. ಒಂದಷ್ಟು ದಿನ ಸುಮ್ನಿರಿ

ನಮ್ಮ ಎಷ್ಟೋ ಮನೆಗಳಲ್ಲಿ ವರ್ಷದ ತಿಥಿ ಆಗುವ ತನಕ ಹೊಸ ಗಾಡಿ, ಗೃಹಪ್ರವೇಶ ಅಂತ ಏನೂ ಮಾಡುವುದಿಲ್ಲ. ಆ ರೂಢಿ ಇಲ್ಲಿ ಕೆಲಸಕ್ಕೆ ಬರುತ್ತದೆ. "ಕೊಡಲ್ಲ" ಅನ್ನೋ ಬದಲು "ಅಜ್ಜಿ ವರ್ಷ ಕಳೀಲಿ ಕಣೋ" ಅಂದರೆ ಹುಡುಗನೂ ಒಪ್ಪುತ್ತಾನೆ. ಆಮೇಲೆ ಮಾತು ತಪ್ಪಬಾರದು, ಅಷ್ಟೇ.

ಈ ಕಾಯುವಿಕೆಗೆ ಬೆಲೆಯೂ ಇದೆ. ಆರು ಲಕ್ಷಕ್ಕೆ ಶೇ 6.5 ಬಡ್ಡಿ ಹಿಡಿದರೆ ವರ್ಷಕ್ಕೆ 39,000 ರೂಪಾಯಿ. ಅದನ್ನು ಅವನಿಗೇ ಲೆಕ್ಕ ಹಾಕಲು ಹೇಳಿ. ಕ್ಯಾಲ್ಕುಲೇಟರಿನಲ್ಲಿ ಆ ಅಂಕಿ ತಾನೇ ನೋಡಿದ ಹುಡುಗನಿಗೆ ಬೇರೆ ಭಾಷಣ ಬೇಕಾಗುವುದಿಲ್ಲ.

4. ವಯಸ್ಸಿನ ಲೆಕ್ಕ

ಗೇರ್ ಇರುವ ಬೈಕ್ ಓಡಿಸಲು 18 ತುಂಬಿರಬೇಕು. 16ಕ್ಕೇ ಲೈಸೆನ್ಸ್ ಸಿಗುತ್ತೆ ಅಂತ ಹುಡುಗರು ವಾದ ಮಾಡುತ್ತಾರೆ. ಸಿಗುವುದು ನಿಜ, ಆದರೆ ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ. ಸಂತೆಗೆ ಮೂಟೆ ಹೊರುವ ಟಿವಿಎಸ್ ಎಕ್ಸ್‌ಎಲ್ ಕೂಡ ಈಗ 100 ಸಿಸಿ!

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಶಿಕ್ಷೆ ಸಣ್ಣದೇನಲ್ಲ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅವರು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೂಡ ಸಿಗುವುದಿಲ್ಲ. ಈ ಕೊನೆಯದನ್ನು ಅವನಿಗೆ ಓದಿ ಹೇಳಿ. ದಂಡ ಅಪ್ಪ ಕಟ್ಟುತ್ತಾರೆ, ಎಂಟು ವರ್ಷ ಬಸ್ಸಿಗೆ ಕಾಯುವುದು ಅವನು.

"ಅಪ್ಪನ ಹೆಸರಲ್ಲಿ ತಗೊಳ್ಳೋಣ" ಅನ್ನೋದು ಇನ್ನೊಂದು ಉಪಾಯ. ಬೇಡ. ಮಗನ ದುಡ್ಡು ಹೋಗಿ ಅಪ್ಪನ ಆಸ್ತಿ ಆಗುತ್ತದೆ. 18 ತುಂಬಿದ ದಿನ ಎಲ್‌ಎಲ್‌ಗೆ ಅರ್ಜಿ ಹಾಕಲಿ. ಅದಾಗಿ 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆ. ಆಮೇಲೆ ಗಾಡಿ, ಅವನ ಹೆಸರಲ್ಲೇ ಆರ್‌ಸಿ.

5. ಶೋರೂಮಿಗೆ ಹೋಗಿ, ಬರೀ ಚೀಟಿ ತನ್ನಿ

ಇದನ್ನು ಕಾಯುವ ವರ್ಷದಲ್ಲೇ ಮಾಡಿ. ಹುಡುಗನನ್ನೇ ಕರೆದುಕೊಂಡು ಹೋಗಿ ಆನ್‌ರೋಡ್ ಬೆಲೆಯ ಕೊಟೇಷನ್ ಕೇಳಿ. ಮಾತು ಅವನೇ ಆಡಲಿ, ನೀವು ಪಕ್ಕದಲ್ಲಿರಿ.

ಹುಡುಗರ ತಲೆಯಲ್ಲಿರುವುದು ಎಕ್ಸ್ ಶೋರೂಮ್ ಬೆಲೆ. ಲೆಕ್ಕಕ್ಕೆ ಅದು 1,75,000 ಅಂತ ಇಟ್ಟುಕೊಳ್ಳೋಣ. ಜಿಎಸ್‌ಟಿ ಇದರಲ್ಲೇ ಸೇರಿದೆ. 350 ಸಿಸಿ ತನಕದ ಬೈಕಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. 350 ಸಿಸಿ ದಾಟಿದರೆ ಶೇ 40. "ಬುಲೆಟ್ ಬೇಡ, 450 ತಗೊಳ್ತೀನಿ" ಅಂತ ನಡುವೆ ಮನಸ್ಸು ಬದಲಾದರೆ ಇದು ನೆನಪಿರಲಿ.

ಮುಂದಿನ ಸಾಲು ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಪೆಟ್ರೋಲ್ ಬೈಕಿಗೆ ಇದು ಶೇ 18. ಅಂದರೆ ನಮ್ಮ ಲೆಕ್ಕದಲ್ಲಿ 31,500 ರೂಪಾಯಿ, ಮೇಲೆ ಸೆಸ್. ಹುಡುಗರ ಮುಖ ಸಪ್ಪಗಾಗುವುದು ಸಾಮಾನ್ಯವಾಗಿ ಈ ಸಾಲಿನಲ್ಲಿ.

ಆಮೇಲೆ ಇನ್ಶೂರೆನ್ಸ್. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು, 2018ರ ಸೆಪ್ಟೆಂಬರ್‌ನಿಂದ ಅದು ಕಡ್ಡಾಯ. ಶೋರೂಮಿನವರು ಹೇಳಿದ ಕಂಪನಿಯಲ್ಲೇ ಮಾಡಿಸಬೇಕು ಅಂತಿಲ್ಲ, ಹೊರಗೆ ವಿಚಾರಿಸಿ. ಕೆಳಗೆ ಹ್ಯಾಂಡ್ಲಿಂಗ್ ಚಾರ್ಜ್, ಆಕ್ಸೆಸರೀಸ್, ಎಕ್ಸ್‌ಟೆಂಡೆಡ್ ವಾರಂಟಿ ಅಂತ ಸಣ್ಣ ಅಕ್ಷರದ ಸಾಲುಗಳಿದ್ದರೆ ಒಂದೊಂದರ ಮೇಲೂ ಬೆರಳಿಟ್ಟು "ಇದು ಕಡ್ಡಾಯನಾ ಸಾರ್?" ಅಂತ ಕೇಳಲಿ. ಕೇಳಿದ ಮೇಲೆ ಕೆಲವು ಸಾಲು ಮಾಯವಾಗುವುದುಂಟು. ಎಲ್ಲ ಸೇರಿ 2.2 ಲಕ್ಷದ ಸುತ್ತ ನಿಲ್ಲುತ್ತದೆ ಅಂದುಕೊಳ್ಳಿ.

ಚೀಟಿಯಲ್ಲಿ ಇಲ್ಲದ ಖರ್ಚು ಬೇರೆ ಇದೆ. ಐಎಸ್‌ಐ ಗುರುತಿನ ಹೆಲ್ಮೆಟ್ ಎರಡು ಬೇಕು, ಹಿಂದೆ ಕೂರುವವರಿಗೂ ಕಡ್ಡಾಯ. ದಿನಕ್ಕೆ 20 ಕಿಲೋಮೀಟರಿನಂತೆ 25 ದಿನ ಓಡಿಸಿದರೆ, ಲೀಟರಿಗೆ 35 ಕಿಲೋಮೀಟರ್ ಮತ್ತು ನೂರು ರೂಪಾಯಿ ಹಿಡಿದರೂ, ಪೆಟ್ರೋಲಿಗೆ ತಿಂಗಳಿಗೆ 1,400 ಬೇಕು. ಅದನ್ನು ಯಾರು ಹಾಕಿಸುತ್ತಾರೆ? ಅಜ್ಜಿ ದುಡ್ಡಿನಿಂದ ಪೆಟ್ರೋಲ್ ಹಾಕಿಸುವುದಕ್ಕೆ ನಾನಂತೂ ವಿರುದ್ಧ. ಅದು ಪಾಕೆಟ್ ಮನಿಯಿಂದ ಬರಲಿ.

ಹೊರಡುವ ಮುಂಚೆ ಇನ್ನೊಂದು ಕೆಲಸ. ಡಿಸ್‌ಪ್ಲೇಗೆ ಇಟ್ಟ ಬುಲೆಟ್ಟನ್ನು ಡಬಲ್ ಸ್ಟ್ಯಾಂಡ್ ಹಾಕಿ ತೋರಿಸಲು ಹುಡುಗನಿಗೆ ಹೇಳಿ. ಗಾಡಿ ತೂಕ 195 ಕೆಜಿ. ಶೋರೂಮ್ ಹುಡುಗ ಕಾಲಲ್ಲಿ ಒತ್ತಿ ಸಲೀಸಾಗಿ ಎತ್ತುತ್ತಾನೆ. ನಮ್ಮವನು ಹ್ಯಾಂಡಲ್ ಹಿಡಿದು, ಕೈ ಎಳೆದು, ಕೆಂಪಗಾಗಿ, ಎರಡನೇ ಸಲಕ್ಕೆ ಎತ್ತಿದರೂ ಸಾಕು. ಎತ್ತಲಾಗದಿದ್ದರೆ ನಗಬೇಡಿ, ಪಕ್ಕದ ಹಗುರ ಗಾಡಿಯನ್ನು ಅವನೇ ನೋಡಲು ಶುರು ಮಾಡುತ್ತಾನೆ.

6. ದುಡ್ಡು ಪಾಲು ಮಾಡಿ

ಸಿಇಟಿ, ಕಾಮೆಡ್‌ಕೆ ಬರೆದು ಸೀಟು ಸಿಕ್ಕರೆ ಫೀಸು, ಹಾಸ್ಟೆಲ್ಲು, ಲ್ಯಾಪ್‌ಟಾಪು ಅಂತ ಖರ್ಚು ಸಾಲಾಗಿ ಬರುತ್ತದೆ. ದೊಡ್ಡ ಪಾಲು ಅದಕ್ಕೇ ಇರಲಿ, ಎಫ್‌ಡಿಯಲ್ಲಿ. ಶೇ 20 ಮಾತ್ರ ಅವನ ಖುಷಿಗೆ ಅಂತ ತೆಗೆದಿಡಿ ಅನ್ನೋದು ನನ್ನ ಸಲಹೆ. ಆರು ಲಕ್ಷದಲ್ಲಿ ಅದು 1,20,000.

ಒಂದು ಷರತ್ತು ಇದೆ, ಅದು ಅಪ್ಪ ಅಮ್ಮನಿಗೆ. ಆ ಪಾಲಿಗೆ ಬುದ್ಧಿವಾದ ಅಂಟಿಸಬೇಡಿ. ಬೈಕೋ, ಐಫೋನೋ, ಗಿಟಾರೋ, ಗೆಳೆಯರ ಜೊತೆ ಗೋವಾನೋ, ಕಾನೂನು ಒಪ್ಪುವುದು ಏನಾದರೂ ಆಗಲಿ. "ಅದರ ಬದಲು ಚಿನ್ನ ತಗೊಂಡಿದ್ರೆ" ಅಂತ ಆಮೇಲೆ ವರ್ಷಗಟ್ಟಲೆ ರಾಗ ಎಳೆಯಬಾರದು. ಹಾಗೇ, ಕಡಿಮೆ ಬಿದ್ದರೆ ಸಾಲ ಮಾಡೋಣ ಅನ್ನೋದೂ ಬೇಡ. 18 ತುಂಬುವ ತನಕ ಅವನ ಹೆಸರಲ್ಲಿ ಇಎಂಐ ಆಗುವುದೂ ಇಲ್ಲ, ಅಪ್ರಾಪ್ತರ ಒಪ್ಪಂದಕ್ಕೆ ಬೆಲೆಯೇ ಇಲ್ಲ.

ಮನೆಗೆ ನಿಜವಾಗಿಯೂ ಕಷ್ಟ ಇದ್ದು ದೊಡ್ಡ ಪಾಲಿಗೆ ಕೈ ಹಾಕಲೇಬೇಕಾದರೆ, ಹುಡುಗನನ್ನು ಕೂರಿಸಿಕೊಂಡು ಹೇಳಿ. ಎಷ್ಟು ತಗೊಂಡಿದ್ದು, ಯಾವ ತಾರೀಖಿಗೆ ವಾಪಸ್ ಹಾಕೋದು ಅಂತ ಒಂದು ಹಾಳೆಯಲ್ಲಿ ಬರೆದು ಅಪ್ಪ ಸಹಿ ಹಾಕಲಿ.

7. ಹದಿನೆಂಟು ತುಂಬಿದ ವಾರ

ಬ್ಯಾಂಕಿಗೆ ಅವನೇ ಹೋಗಬೇಕು. ಆಧಾರ್, ಪ್ಯಾನ್, ಹೊಸ ಫೋಟೊ ಕೊಟ್ಟು ಕೆವೈಸಿ ಮಾಡಿಸಬೇಕು. ಹೊಸ ಸಹಿಯ ಮಾದರಿ ಕೊಡಬೇಕು. ಅಲ್ಲಿಂದ ಪೋಷಕರ ಸಹಿ ನಡೆಯುವುದಿಲ್ಲ. ಎಫ್‌ಡಿ ಅವಧಿ ಹುಟ್ಟುಹಬ್ಬದ ಸುತ್ತಮುತ್ತ ಮುಗಿಯುವ ಹಾಗೆ ಮೊದಲೇ ಇಟ್ಟಿದ್ದರೆ ಕೆಲಸ ಸಲೀಸು.

8. ಸೆಕೆಂಡ್ ಹ್ಯಾಂಡ್ ನೋಡುವುದಾದರೆ

ಖುಷಿಯ ಪಾಲು 1,20,000, ಅದಕ್ಕೆ ವರ್ಷದ ಬಡ್ಡಿ 39,000 ಸೇರಿಸಿದರೆ 1,59,000. ಹೊಸ ಬುಲೆಟ್ಟಿಗೆ ಸಾಲದು, ಒಳ್ಳೆಯ ಸೆಕೆಂಡ್ ಹ್ಯಾಂಡ್ ಗಾಡಿಗೆ ಸಾಕು. ಬೈಕಿನ ಹುಚ್ಚು ಒಂದು ವರ್ಷ ಕಳೆದರೂ ಇಳಿಯದಿದ್ದರೆ ನಾನಾದರೆ ಇದನ್ನೇ ಹೇಳುತ್ತೇನೆ.

ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಮಾರುವವರ ಮನೆಗೆ ಬೆಳಿಗ್ಗೆಯೇ ಹೋಗಿ. ಎಂಜಿನ್ ತಣ್ಣಗಿದೆಯಾ ಅಂತ ಮುಟ್ಟಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿಸಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂತಿದ್ದರೆ ಅದು 2019ರ 23ನೇ ವಾರದ್ದು. "ಹೊಸ ಟೈರ್ ಸಾರ್" ಅನ್ನೋ ಮಾತನ್ನು ಅಲ್ಲೇ ಪರೀಕ್ಷಿಸಬಹುದು.

ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿ ಮೇಲಿನದಕ್ಕೆ ಹೋಲಿಸಿ. ಬಾಕಿ ಟ್ರಾಫಿಕ್ ದಂಡ ಎಷ್ಟಿದೆ ಅಂತ ಆನ್‌ಲೈನ್‌ನಲ್ಲಿ ನೋಡಿ. ಗಾಡಿ ಮೇಲೆ ಸಾಲ ಇದ್ದಿದ್ದರೆ ಅದು ತೀರಿದ ಬಗ್ಗೆ ಫೈನಾನ್ಸಿನವರ ಎನ್‌ಒಸಿ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29, 30ಕ್ಕೆ ದುಡ್ಡು ಕೊಡುವ ದಿನವೇ ಸಹಿ ಹಾಕಿಸಿಕೊಳ್ಳಿ. ವಿಮೆಯನ್ನು ಹುಡುಗನ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು.

ದುಡ್ಡು ಅವನ ಖಾತೆಯಿಂದಲೇ ಹೋಗಲಿ, ನಗದು ಬೇಡ. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಹತ್ತು ಸಾವಿರ ಕೈಯಲ್ಲೇ ಹಿಡಿದಿಟ್ಟುಕೊಳ್ಳಿ. ಹಾಗೆ ಮಾಡಿದರೆ ಆರ್‌ಟಿಒ ಕೆಲಸಕ್ಕೆ ಮಾರಿದವರು ನಿಮಗಿಂತ ಮುಂಚೆ ಬಂದು ಕ್ಯೂನಲ್ಲಿ ನಿಂತಿರುತ್ತಾರೆ.